ಕೇಳಿಸದೆ ಹೂಂ ಅಂದ ವರ್ಷ

ಹೋದ ತಿಂಗಳು ಮೂಡಲಗಿಯಲ್ಲಿ ಎರಡು ದಿನದ ಶಿಕ್ಷಕರ ತರಬೇತಿ ಇತ್ತು. ಈಗ ನಾನಿರುವ ಹುಕ್ಕೇರಿಯಿಂದ ಹೊರಟು ಗೋಕಾಕದಲ್ಲಿ ಬಸ್ಸು ಬದಲಿಸಿ ಕೂತಿದ್ದೆ. ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಿಟಕಿಯಿಂದ ಹೊಗೆ ನುಗ್ಗಿತು. ಕಬ್ಬು ಕಡಿದು ಸಾಗಿಸಿದ ಹೊಲದಲ್ಲಿ ಯಾರೋ ರವದಿಗೆ ಬೆಂಕಿ ಹಚ್ಚಿದ್ದರು. ಒಣಗಿದ ಕಬ್ಬಿನ ಎಲೆ ಸುಡುವ ಆ ವಾಸನೆಯಲ್ಲಿ ಒಂಚೂರು ಸಿಹಿ ಇರುತ್ತದೆ, ಗಂಟಲು ಕೆರೆಯುವ ಖಾರವೂ ಇರುತ್ತದೆ. ಬಸ್ಸಿನಲ್ಲಿದ್ದವರೆಲ್ಲ ದಡದಡ ಕಿಟಕಿ ಮುಚ್ಚಿದರು. ನಾನು ಮುಚ್ಚಲಿಲ್ಲ. ಕೆಲವು ವರ್ಷಗಳ ಹಿಂದಿನ ಒಂದು ಹಂಗಾಮು, ದೀಪಾವಳಿಯಿಂದ ಹತ್ತನೆಯ ತರಗತಿಯ ಪರೀಕ್ಷೆಯವರೆಗಿನ ಆ ಐದು ತಿಂಗಳು, ಹೊಗೆಯ ಜೊತೆಗೇ ಒಳಗೆ ಬಂದು ಬಾಜೂಕ್ಕೆ ಕೂತಿತು. ಅದು ನೆನಪಾದಾಗ ಇವತ್ತಿಗೂ ನನಗೆ ಮೊದಲು ಬರುವುದು ಸಿಟ್ಟು. ಯಾರ ಮೇಲೆ ಅಂದರೆ ಪಟ್ಟಿ ಉದ್ದವಿದೆ. ಮೊದಲ ಹೆಸರು ನನ್ನದೇ.

ಆಗ ನಾನು ಕೌಜಲಗಿಯ ಆಚೆಗಿನ ಒಂದು ಹಳ್ಳಿಯ ಸರಕಾರಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಮನೆ ಗೋಕಾಕದಲ್ಲಿ. ಗಂಡ ಅಲ್ಲೇ ಲೈನ್‌ಮನ್. ತವರು ಯಮಕನಮರಡಿ, ಹೈವೇ ಬದಿಗೆ ತಮ್ಮನ ಪಂಕ್ಚರ್ ಅಂಗಡಿ, ಅದರ ಹಿಂದಿನ ಓಣಿಯಲ್ಲಿ ಅವ್ವ. ನನಗೆ ನಲವತ್ತೊಂದು ವಯಸ್ಸು. ಮತ್ತು ನನ್ನ ಎರಡೂ ಕಿವಿ ಸೋಲುತ್ತಿದ್ದವು.

ಅದು ಎರಡು ವರ್ಷದಿಂದ ನಡೆದಿತ್ತು. ಒಂದು ಜ್ವರ ಬಂದು ಹೋದಮೇಲೆ ಎಡಗಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಸದ್ದು ಶುರುವಾಯಿತು. ಆಮೇಲೆ ಬಲಗಿವಿಯೂ ಅದರ ಹಿಂದೆ ಹೋಯಿತು. ಬೆಳಗಾವಿಯ ಡಾಕ್ಟರು ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ ಪರೀಕ್ಷೆ ಮಾಡಿ, "ನರ ದುರ್ಬಲ ಆಗ್ಯಾವ್ರಿ, ಔಷಧ ಇಲ್ಲ, ಮಶಿನ್ ಹಾಕ್ಕೊಳ್ರಿ" ಅಂದರು. ಮಶಿನ್ ತಂದೆವು. ಗೋಡಂಬಿಯಷ್ಟು ದೊಡ್ಡವು, ಎರಡು. ಒಂದೇ ದಿನ ಹಾಕಿಕೊಂಡು ಕನ್ನಡಿ ನೋಡಿದೆ. ತೆಗೆದು ಕಪಾಟಿನಲ್ಲಿ ಮದುವೆಯ ಸೀರೆಯ ಕೆಳಗೆ ಇಟ್ಟೆ.

ಯಾಕೆ ಅಂತ ಗಂಡ ಹತ್ತು ಸಲ ಕೇಳಿದ. ಅವನಿಗೆ ಹೇಗೆ ತಿಳಿಸಬೇಕೋ ನನಗೆ ಗೊತ್ತಾಗಲಿಲ್ಲ. ನಮ್ಮಪ್ಪ-ಅವ್ವ ಇಬ್ಬರೂ ಬೇರೆಯವರ ಹೊಲದಲ್ಲಿ ಕಬ್ಬು ಕಡಿದವರು. ಮನೆಯ ಗೋಡೆಗೆ ಬುದ್ಧನ ಫೋಟೋ ಹಾಕಿ, ಅದರ ಕೆಳಗೆ ನಮ್ಮನ್ನು ಕೂರಿಸಿ ಓದಿಸಿದವರು. ನಮ್ಮ ಓಣಿಯಿಂದ ಸರಕಾರಿ ಶಿಕ್ಷಕಿ ಆದ ಮೊದಲ ಹೆಣ್ಣು ನಾನು. ನೌಕರಿಗೆ ಸೇರಿದ ದಿನದಿಂದ ಒಂದು ಮಾತು ತಲೆಯೊಳಗೆ ಕೂತುಬಿಟ್ಟಿತ್ತು: ಬೇರೆಯವರು ತಪ್ಪಿದರೆ ಅದು ತಪ್ಪು ಅಷ್ಟೇ; ನಾನು ತಪ್ಪಿದರೆ, "ಇಂಥವರಿಗೆ ಕೊಟ್ರ ಹಿಂಗೇ ನೋಡ್ರಿ" ಅನ್ನುತ್ತಾರೆ. ಹಾಗೆಂದು ನನ್ನ ಮುಖದ ಮೇಲೆ ಯಾರೂ ಅಂದಿರಲಿಲ್ಲ, ಖರೆ. ಆದರೆ ಅನ್ನುವ ಮುಂಚೆಯೇ ನಾನು ಕೇಳಿಸಿಕೊಂಡಿದ್ದೆ. ಬೇರೆ ಏನೂ ಕೇಳದ ಕಿವಿಗೆ ಅದೊಂದು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು.

ಹೀಗಾಗಿ ನಾಟಕ. ತರಗತಿಯಲ್ಲಿ ಪ್ರಶ್ನೆ ಕೇಳುವುದು ಬಿಟ್ಟೆ. ಬರೆಸುವುದು ಹೆಚ್ಚು ಮಾಡಿದೆ. ಮಾತಾಡುವವರ ತುಟಿ ನೋಡಲು ಕಲಿತೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕಾಗ ಅರೆಕ್ಷಣ ತಡೆದು ನಗುತ್ತಿದ್ದೆ. ಯಾರಾದರೂ ಹಿಂದಿನಿಂದ ಕರೆದರೆ ಗೊತ್ತಾಗುತ್ತಿರಲಿಲ್ಲ, ನನ್ನ ಪಾಡಿಗೆ ಹೋಗಿಬಿಡುತ್ತಿದ್ದೆ. ಎಲ್ಲಕ್ಕಿಂತ ದೊಡ್ಡ ಆಸರೆ ಅಂದರೆ 'ಹೂಂ'. ಏನೇ ಹೇಳಲಿ, ಕೊನೆಗೆ ಒಂದು ಹೂಂ, ಸ್ವಲ್ಪ ನಗು. ಹತ್ತರಲ್ಲಿ ಎಂಟು ಸಲ ನಡೆದುಹೋಗುತ್ತದೆ.

ನಮ್ಮ ಸಾಲಿ ರಸ್ತೆಗೆ ಹತ್ತಿಕೊಂಡೇ ಇತ್ತು. ಹಂಗಾಮು ಶುರುವಾದರೆ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು, ಎದೆ ನಡುಗುವ ಹಾಗೆ ಹಾಡು ಹಚ್ಚಿಕೊಂಡು ಹೋಗುತ್ತಿದ್ದವು. ಉಳಿದ ಶಿಕ್ಷಕರು ಬೈದುಕೊಂಡು ಪಾಠ ನಿಲ್ಲಿಸುತ್ತಿದ್ದರು. ನನಗೆ ಮಾತ್ರ ಆ ಟ್ರ್ಯಾಕ್ಟರು ಬಂದರೆ ಒಳಗೊಳಗೇ ಸಮಾಧಾನ. ಆ ಒಂದು ನಿಮಿಷ ಸಾಲಿಯಲ್ಲಿ ಯಾರಿಗೂ ಯಾರ ಮಾತೂ ಕೇಳುತ್ತಿರಲಿಲ್ಲ. ಎಲ್ಲರೂ ನನ್ನ ಹಾಗೇ.

ಹತ್ತನೆಯ ತರಗತಿಗೆ ನಾನೇ ಕ್ಲಾಸ್ ಟೀಚರ್. ಅದರಲ್ಲಿ ಲಗಮವ್ವ ಅಂತ ಒಬ್ಬಳು ಹುಡುಗಿ. ಎತ್ತರದವಳು, ಆದರೆ ಕುಗ್ಗಿ ನಡೆಯುವವಳು. ಮಾತಾಡಿದರೆ ತುಟಿ ಅಲುಗಿದ್ದು ಕೂಡ ಕಾಣದಷ್ಟು ಮೆಲ್ಲಗೆ, ತಲೆ ತಗ್ಗಿಸಿ. ನನ್ನ ಪಾಲಿಗೆ ಅವಳು ಮಾತಾಡುತ್ತಲೇ ಇರಲಿಲ್ಲ ಅನ್ನಬೇಕು. ಬರೆಯುವುದು ಮಾತ್ರ ಚಂದ. ನಿಬಂಧ ಬರೆಸಿದರೆ ಎಲ್ಲರೂ ಗೈಡ್ ನೋಡಿ ಬರೆದರೆ ಇವಳು ತಮ್ಮನೆಯ ಎಮ್ಮೆ ಹೇಗೆ ಸಿಟ್ಟು ಮಾಡುತ್ತದೆ ಅಂತ ಎರಡು ಪುಟ ಬರೆಯುತ್ತಿದ್ದಳು.

ಪರೀಕ್ಷೆಗೆ ಮಕ್ಕಳ ಹೆಸರು ಕಳಿಸುವ ದಿನಗಳು ಬಂದವು. ಪ್ರತಿ ಮಗುವಿನ ಫಾರ್ಮ್ ನಾನು ನೋಡಿ ಗುಮಾಸ್ತರಿಗೆ ಕೊಡಬೇಕು, ಅವರು ಕಂಪ್ಯೂಟರಿಗೆ ಏರಿಸಬೇಕು. ಶನಿವಾರ ಕೊನೆಯ ದಿನ. ಗುರುವಾರ ಮಧ್ಯಾಹ್ನ ಲಗಮವ್ವ ವರಾಂಡದಲ್ಲಿ ನನ್ನ ಹತ್ತಿರ ಬಂದಳು. ಟ್ರ್ಯಾಕ್ಟರು ಇರಲಿಲ್ಲ, ಗದ್ದಲ ಇರಲಿಲ್ಲ. ತಲೆ ತಗ್ಗಿಸಿ ಏನೋ ಹೇಳಿದಳು. 'ಫಾರ್ಮ್' ಅನ್ನುವುದೊಂದು ಸಿಕ್ಕಿತು. ನಾನು ಇಲ್ಲದಾಗ ನೇರ ಗುಮಾಸ್ತರಿಗೇ ಕೊಟ್ಟಿದ್ದೇನೆ ಅಂದಿರಬೇಕು ಅಂದುಕೊಂಡೆ. ಅವಳು ತಲೆಯೆತ್ತಿ ಉತ್ತರಕ್ಕೆ ಕಾಯುತ್ತ ನಿಂತಳು.

"ಹೂಂ, ಹೂಂ. ಆತು, ನಡಿ" ಅಂದೆ. ನಕ್ಕೆ ಕೂಡ.

ಅವಳ ಮುಖ ಹಗುರಾಯಿತು. ಓಡಿ ಹೋದಳು.

ಸೋಮವಾರ ಬೆಳಿಗ್ಗೆ ಫಾರ್ಮ್ ಹಿಡಿದು ಬಂದಳು. ಆಧಾರ್ ಕಾರ್ಡಿನಲ್ಲಿ ಅವಳ ಹೆಸರು ಬೇರೆ ಇತ್ತಂತೆ. ಅದಕ್ಕೆ ಅಪ್ಪನ ಸಹಿಯ ಒಂದು ಪತ್ರ ಬೇಕಿತ್ತು. ಅಪ್ಪ ಟ್ರ್ಯಾಕ್ಟರ್ ಡ್ರೈವರ್, ಸಂಕೇಶ್ವರದ ಕಡೆ ಕಬ್ಬು ಸಾಗಿಸಲು ಹೋದವನು ರವಿವಾರವೇ ಮನೆಗೆ ಬರುವುದು. "ಸೋಮವಾರ ತಂದ್ರ ನಡೀತೈತೇನ್ರಿ?" ಅಂತ ಗುರುವಾರ ಅವಳು ನನ್ನನ್ನು ಕೇಳಿದ್ದಳು. ನಾನು ಹೂಂ ಅಂದಿದ್ದೆ.

ಹೆಡ್‌ಮಾಸ್ತರ್ ಪಾಟೀಲ ಸರ್ ನಮ್ಮಿಬ್ಬರನ್ನೂ ಒಳಗೆ ಕರೆದರು. ಅವರು ಸಿಟ್ಟಾದಾಗ ಗಟ್ಟಿಯಾಗಿ ಮಾತಾಡುತ್ತಾರೆ; ಅವತ್ತು ಎಲ್ಲ ಕೇಳಿಸಿತು.

"ಟೀಚರ್, ಒಂದು ಹೆಸರು ಬಿಟ್ಟೈತಲ್ರಿ! ಈ ಹುಡುಗಿ ನಿಮಗ ಹೇಳಿದ್ಲೇನು?"

ಆ ಪ್ರಶ್ನೆಗೂ ನನ್ನ ಉತ್ತರಕ್ಕೂ ನಡುವೆ ಒಂದು ಉಸಿರಿನಷ್ಟು ಹೊತ್ತಿತ್ತು. ಅಷ್ಟರಲ್ಲಿ ನನಗೆ ಎಲ್ಲ ಅರ್ಥವಾಗಿತ್ತು. ಅರ್ಥವಾಗದೆ ತಪ್ಪಿದೆ ಅನ್ನುವ ಹಾಗಿಲ್ಲ.

"ಇಲ್ರಿ ಸರ್. ನನಗ ಏನೂ ಹೇಳಿಲ್ಲ."

ಲಗಮವ್ವ ತಲೆಯೆತ್ತಿದಳು. "ಹೇಳೀನ್ರಿ ಅಕ್ಕೋರ. ಗುರುವಾರ. ನೀವು ಹೂಂ ಅಂದ್ರಿ."

ಪಾಟೀಲ ಸರ್ ಮೇಜು ಬಡಿದರು. "ಅಕ್ಕೋರ ಮುಂದ ನಿಂತು ಸುಳ್ಳು ಹೇಳ್ತಿ? ಮುಂದಿನ ವರ್ಷ ಬರಿಯುವಂತಿ, ಹೋಗು!"

ಅವಳು ಅಳಲಿಲ್ಲ. ನನ್ನನ್ನೇ ನೋಡಿದಳು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಬಸ್ಸಿನಲ್ಲಿ ಬರುವಾಗ ಕೌಜಲಗಿ ದಾಟಿದಮೇಲೆ ರಸ್ತೆ ಪಕ್ಕದ ಹೊಲದಲ್ಲಿ ಕಬ್ಬು ಕಡಿಯುತ್ತಿದ್ದರು. ಆಚೆಯ ಹೊಲದ ರವದಿ ಉರಿಯುತ್ತಿತ್ತು. ಹೊಗೆಯೊಳಗೆ ತಲೆಗೆ ಟವೆಲ್ ಸುತ್ತಿಕೊಂಡು ಕಬ್ಬಿನ ಸಿವುಡು ಕಟ್ಟುತ್ತಿದ್ದ ಎತ್ತರದ ಹುಡುಗಿ ಯಾರೆಂದು ತಿಳಿಯಲು ನನಗೆ ಎರಡನೆಯ ಸಲ ನೋಡಬೇಕಾಗಲಿಲ್ಲ. ಅವಳೂ ಬಸ್ಸು ನೋಡಿದಳು, ಕಿಟಕಿಯಲ್ಲಿ ನನ್ನನ್ನು ನೋಡಿದಳು. ಮುಖ ತಿರುಗಿಸಲಿಲ್ಲ. ಮುಖ ತಿರುಗಿಸಿದವಳು ನಾನು.

ನಮ್ಮವ್ವ ಅದೇ ಕೆಲಸ ಮಾಡಿ ನನ್ನನ್ನು ಆ ಹೊಲದಿಂದ ಹೊರಗೆ ತಂದಿದ್ದಳು. ನಾನು ಒಬ್ಬಳನ್ನು ಅದರೊಳಗೆ ತಳ್ಳಿದ್ದೆ. ಹೀಗೆ ಅನಿಸಿದರೂ ಆ ವಾರ ನಾನು ಏನೂ ಮಾಡಲಿಲ್ಲ. ಮನೆಯಲ್ಲಿ ಪಾತ್ರೆ ಕುಕ್ಕಿದೆ, ಗಂಡನ ಮೇಲೆ ಹರಿಹಾಯ್ದೆ, ಮೆಲ್ಲಗೆ ಮಾತಾಡುವ ಮಕ್ಕಳನ್ನೆಲ್ಲ ಬೈದುಕೊಂಡೆ. ಬಾಯಿ ಬಿಟ್ಟು ಮಾತಾಡಲು ಇವಕ್ಕೆ ಏನು ರೋಗ? ರೋಗ ಯಾರಿಗಿತ್ತೋ!

ರವಿವಾರ ಯಮಕನಮರಡಿಗೆ ಹೋದೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತ, ನನ್ನ ಕಡೆ ಬೆನ್ನು ಮಾಡಿ ಏನೋ ಅಂದಳು. ತಮ್ಮನ ಮಗಳ ಸಾಲಿ ವಿಚಾರ ಇರಬೇಕೆಂದು, "ಹೂಂ, ಮುಂದಿನ ವರ್ಷ ಗೋಕಾಕಕ್ಕ ಹಾಕೋಣು" ಅಂದೆ.

ಅವ್ವ ಬಡಿಯುವುದು ನಿಲ್ಲಿಸಿದಳು. ಪೂರ್ತಿ ತಿರುಗಿ ಕೂತಳು.

"ಮೆಣಸಿನಕಾಯಿ ಕುಟ್ಟಿಸಬೇಕು ಅಂದ್ರ ಗೋಕಾಕಕ್ಕ ಹಾಕ್ತಾಳಂತ. ನಿನಗ ಕಿವಿ ಕೇಳಂಗಿಲ್ಲ, ಹೌದಲ್ಲ?"

"ಕೇಳ್ತಾವ."

"ಯಾರ ಮುಂದ ಹೇಳ್ತಿ? ಹೋದ ವರ್ಷದಿಂದ ನೋಡಾಕತ್ತೇನಿ."

ನನಗೆ ಎಲ್ಲಿತ್ತೋ ಸಿಟ್ಟು. "ನಿನಗೇನ ಗೊತ್ತವ್ವ? ಮಂದಿಗೆ ಗೊತ್ತಾದ್ರ ನನ್ನ ಕೆಪ್ಪಿ ಅಂತಾರ. ಕೆಪ್ಪಿ ಏನು ಸಾಲಿ ಕಲಸ್ತಾಳ ಅಂತಾರ. ನಿಂದಾದ್ರ ಹೆಬ್ಬೆಟ್ಟು ಒತ್ತಿದ್ರ ಆತು!"

ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಅವ್ವ ಹಿಟ್ಟಿನ ಕೈ ಒರೆಸಿಕೊಂಡಳು. ಒಂದೊಂದೇ ಮಾತು ಬಿಡಿಸಿ, ನನ್ನ ಮುಖ ನೋಡುತ್ತ ಹೇಳಿದಳು:

"ಹೌದು, ಹೆಬ್ಬೆಟ್ಟು ಒತ್ತೀನಿ. ನನಗ ಓದಾಕ ಬರಂಗಿಲ್ಲ ಅಂತ ಕಂಡಕಂಡವರಿಗೆ ಹೇಳೀನಿ. ಈ ಬಸ್ಸು ಎಲ್ಲಿಗಿ ಹೋಗ್ತೈತ್ರಿ, ಈ ಚೀಟಿ ಒಳಗ ಏನ್ ಬರದಾರ್ರಿ, ನನ್ನ ಮಗಳ ಮಾರ್ಕ್ ಎಷ್ಟ್ರಿ? ಕೇಳಿ ಕೇಳೇ ನಿನ್ನ ಓದಿಸೇನಿ. ನಕ್ಕವರು ನಕ್ರು. ನಾ ಕೇಳಾಕ ನಾಚಿದ್ರ ನೀ ಇವತ್ತ ಎಲ್ಲಿರತಿದ್ದಿ?"

ಇದನ್ನು ಕೇಳಿ ನನ್ನ ಕಣ್ಣು ತೆರೆಯಿತು ಅಂತ ಬರೆದರೆ ಸುಳ್ಳಾದೀತು. ಇನ್ನಷ್ಟು ಸಿಟ್ಟು ಬಂತು. ಊಟ ಅರ್ಧಕ್ಕೆ ಬಿಟ್ಟು ಹೊರಟೆ. ಆದರೆ ಗೋಕಾಕದ ತನಕ ಬಸ್ಸಿನಲ್ಲಿ ಆ ಮಾತು ಸೆರಗಿಗೆ ಹತ್ತಿದ ಮುಳ್ಳಿನ ಹಾಗೆ ಬಿಡಲೇ ಇಲ್ಲ. ನಾನು ನಾಚಿಕೆಗೆ ಕೊಟ್ಟ ಬೆಲೆ ಯಾರದು? ನನ್ನದಾಗಿದ್ದರೆ ಇರಲಿ ಬಿಡು ಅನ್ನಬಹುದಿತ್ತು. ಹದಿನೈದು ವರ್ಷದ ಹುಡುಗಿಯ ಒಂದು ವರ್ಷ ಅದು.

ಸೋಮವಾರ ಸೀರೆಯ ಕೆಳಗಿನ ಪೆಟ್ಟಿಗೆ ತೆಗೆದು ಮಶಿನ್ ಹಾಕಿಕೊಂಡೆ. ಕೂದಲಿನಿಂದ ಮುಚ್ಚಲು ನೋಡಿದೆ, ಆಗಲಿಲ್ಲ, ಬಿಗಿಯಾಗಿ ತುರುಬು ಕಟ್ಟಿ ಹೊರಟೆ. ಜನ ತಿಳಿಯುತ್ತಾರೆ, ಮಶಿನ್ ಹಾಕಿದರೆ ಕೂಡಲೇ ಎಲ್ಲ ಚಂದ ಕೇಳುತ್ತದೆ ಅಂತ. ಇಲ್ಲ. ಮಾತು ಬಿಟ್ಟು ಉಳಿದದ್ದೆಲ್ಲ ಕೇಳುತ್ತದೆ. ಸೆರಗಿನ ಸರಸರ, ಬಸ್ಸಿನ ತಗಡು, ಯಾರದೋ ಕೆಮ್ಮು, ನನ್ನದೇ ಉಗುಳು ನುಂಗುವ ಸದ್ದು. ತಲೆಯೊಳಗೆ ಸಂತೆ ನೆರೆದ ಹಾಗೆ. ಎರಡು ಸಲ ಕಿತ್ತು ಎಸೆಯಬೇಕು ಅನಿಸಿತು.

ಸಾಲಿಯ ಸ್ಟಾಪಿಗಿಂತ ಮೊದಲೇ ಇಳಿದು ಹೊಲಕ್ಕೆ ನಡೆದೆ. ಕಬ್ಬಿನ ಸಾಲಿನ ನೆರಳಿನಲ್ಲಿ ಹೆಂಗಸರು ಬುತ್ತಿ ಬಿಚ್ಚಿದ್ದರು. ಲಗಮವ್ವನ ತಾಯಿ ಸತ್ಯವ್ವ ಎದ್ದು ನಿಂತಳು. ಮಗಳು ಏಳಲಿಲ್ಲ.

"ಸತ್ಯವ್ವ, ನಿಮ್ಮ ಹುಡುಗಿ ಸುಳ್ಳು ಹೇಳಿಲ್ಲ," ಅಂದೆ. ನಿಂತಲ್ಲೇ, ಪೀಠಿಕೆ ಇಲ್ಲದೆ. ತಡೆದರೆ ನಾನು ಮತ್ತೆ ತಪ್ಪಿಸಿಕೊಳ್ಳುತ್ತಿದ್ದೆ. "ಆಕಿ ನನಗ ಹೇಳಿದ್ಲು. ನನಗ ಕಿವಿ ಕೇಳಂಗಿಲ್ಲ. ಕೇಳದನ ಹೂಂ ಅಂದ್ನಿ. ಆಮ್ಯಾಲೆ ಹೆಡ್‌ಮಾಸ್ತರ ಮುಂದ ಸುಳ್ಳು ಹೇಳಿದಾಕಿ ನಾ."

ಸತ್ಯವ್ವ ನನ್ನ ಕಿವಿ ನೋಡಿದಳು. ಆಮೇಲೆ ಮಗಳನ್ನು ನೋಡಿದಳು. ಅವಳ ದನಿ ಸಣ್ಣದಾಯಿತು, ಆದರೆ ಮಶಿನ್ ಅದನ್ನು ನನಗೆ ಬಿಡದೆ ಮುಟ್ಟಿಸಿತು.

"ನಾ ಆಕಿಗಿ ಹೊಡದೇನ್ರಿ, ಅಕ್ಕೋರ. ಸುಳ್ಳು ಹೇಳಿ ವರ್ಷ ಹಾಳ ಮಾಡ್ಕೊಂಡಿ ಅಂತ, ಕಬ್ಬಿಲೆ ಹೊಡದೇನಿ."

ಅದನ್ನು ಕೇಳದಿದ್ದರೆ ಚೆನ್ನಾಗಿತ್ತು. ಆ ಮಶಿನ್ ನನಗೆ ಕೇಳಿಸಿದ ಮೊದಲ ಪೂರ್ತಿ ಮಾತು ಅದು.

ಲಗಮವ್ವ ರೊಟ್ಟಿ ಮುರಿಯುತ್ತ ಕೂತಿದ್ದಳು. "ಅವತ್ತ ಹೇಳಬೇಕಿತ್ತು ನೀವು," ಅಂದಳು. ಅಷ್ಟೇ.

"ಹೌದು. ಅವತ್ತ ಹೇಳಬೇಕಿತ್ತು. ಇವತ್ತ ಸಾಲಿಗಿ ನಡಿ, ಉಳಿದದ್ದು ನಾ ನೋಡ್ತೇನಿ."

ಸಾಲಿಗೆ ಹೋಗಿ ಪಾಟೀಲ ಸರ್ ಮುಂದೆಯೂ ಎಲ್ಲ ಹೇಳಿದೆ. ಅವರು ಅಂದ ಮಾತು ನನ್ನನ್ನು ಬೇರೆಯೇ ರೀತಿ ಕುಟ್ಟಿತು. "ನಾವೆಲ್ಲ ನಿಮಗ ಸೊಕ್ಕು ಅಂತ ತಿಳಕೊಂಡಿದ್ವಿ ನೋಡ್ರಿ. ಕರದ್ರ ತಿರುಗಂಗಿಲ್ಲ, ಮಾತಾಡಿಸಿದ್ರ ಹೂಂ ಅಂತೀರಿ. ಪಗಾರ ಬಂದಮ್ಯಾಲೆ ತಲಿ ತಿರಗೇತಿ ಅಂತಿದ್ರು ಸ್ಟಾಫ್‌ನ್ಯಾಗ."

ಎರಡು ವರ್ಷ ನಾನು ಉಳಿಸಿಕೊಂಡ ಮರ್ಯಾದೆ ಅದು! ಕೆಪ್ಪಿ ಅನ್ನಿಸಿಕೊಳ್ಳಬಾರದೆಂದು ಸೊಕ್ಕಿನಾಕಿ ಅನ್ನಿಸಿಕೊಂಡಿದ್ದೆ.

ಅವರು ಒಳ್ಳೆಯ ಮನುಷ್ಯ, ಒಂದು ದಾರಿ ತೋರಿಸಿದರು. "ಮ್ಯಾಲಿನ ಆಫೀಸಿಗೆ ನೆಟ್‌ವರ್ಕ್ ಇರಲಿಲ್ಲ, ಹೆಸರು ಏರಲಿಲ್ಲ ಅಂತ ಬರೀತೇನಿ. ಹುಡುಗಿದೂ ಕೆಲಸ ಆಗ್ತೈತಿ, ನಿಮ್ಮ ಮ್ಯಾಲೂ ಏನೂ ಬರಂಗಿಲ್ಲ."

ಆಸೆಯಾಯಿತು. ಬಹಳ ಆಸೆಯಾಯಿತು. ಆದರೆ ನೆಟ್‌ವರ್ಕಿನ ಮೇಲೆ ಹಾಕಿದರೆ ಸಾಲಿಯಲ್ಲಿ ಲಗಮವ್ವ ಸುಳ್ಳುಗಾತಿಯಾಗಿಯೇ ಉಳಿಯುತ್ತಿದ್ದಳು. ನಾನೇ ಪತ್ರ ಬರೆದೆ: ವಿದ್ಯಾರ್ಥಿನಿ ಸಕಾಲಕ್ಕೆ ತಿಳಿಸಿದ್ದಳು, ನನಗೆ ಶ್ರವಣದೋಷವಿದೆ, ಕೇಳಿಸಲಿಲ್ಲ, ಅದನ್ನು ಮುಚ್ಚಿಟ್ಟು ಅವಳ ಮೇಲೆ ಹಾಕಿದೆ, ತಪ್ಪು ನನ್ನದು. ನಾಲ್ಕು ಸಾಲು. ಕೆಳಗೆ ಸಹಿ ಮಾಡಿ ಕೊಟ್ಟೆ.

ಅದೇ ಮಧ್ಯಾಹ್ನ ತರಗತಿಯಲ್ಲಿ ನಿಂತು ಮಕ್ಕಳಿಗೂ ಹೇಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಕಣ್ಣೀರು ಹಾಕಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ, ಕೇಳುತ್ತದೋ ಇಲ್ಲವೋ ಪರೀಕ್ಷಿಸಲು ಬಾಯಿ ಮುಚ್ಚಿ ಗುಂಯ್ ಅಂದ. ಅದೇ ಹೊತ್ತಿಗೆ ಮಶಿನ್ ಕೂಡ ಕೀ ಅಂತ ಕೂಗಿತು. ಎಲ್ಲರೂ ನಕ್ಕರು. ಹೊರಗೆ ಹೋಗಿಬಿಡಬೇಕು ಅನಿಸಿತು.

"ಗುಂಯ್ ಅಂದದ್ದು ಕೇಳಿಸ್ತು," ಅಂದೆ. "ಮಾತಾಡಿದ್ರ ಕೇಳಂಗಿಲ್ಲ. ಇವತ್ತಿನಿಂದ ಯಾರಾದ್ರೂ ಮಾತಾಡಬೇಕಂದ್ರ ಎದ್ದು ನಿಂದ್ರಬೇಕು, ನನ್ನ ಮುಖ ನೋಡಬೇಕು, ಬಾಯಿ ಬಿಡಬೇಕು. ಮೂರು ಸಲ ಕೇಳ್ತೇನಿ. ತಿಳೀಲಿಲ್ಲ ಅಂದ್ರ ನಾಕನೇ ಸಲ ಬೋರ್ಡ್ ಮ್ಯಾಲ ಬರೀಬೇಕು."

ನಗು ನಿಂತಿತು. ಕೆಲಸ ಶುರುವಾಯಿತು. ಎಷ್ಟು ಕಿರಿಕಿರಿಯ ಕೆಲಸ ಅಂದರೆ, ಒಂದು ಪದ್ಯಕ್ಕೆ ಎರಡು ದಿನ ಹೆಚ್ಚು ಹಿಡಿಯಿತು. ಆದರೆ ಬಹಳ ದಿನಗಳ ಮೇಲೆ ನಾನು ಮಕ್ಕಳಿಗೆ ಪ್ರಶ್ನೆ ಕೇಳಿದೆ.

ಮೇಲಿನ ಕಚೇರಿಗೆ ನಾಲ್ಕು ಸಲ ಅಲೆದೆ. ಅಲ್ಲಿಯ ಒಬ್ಬ ಗುಮಾಸ್ತ ನನ್ನ ಪತ್ರ ಓದಿದವನೇ ಕೂಸಿಗೆ ಹೇಳುವ ಹಾಗೆ, ಇಡೀ ಆಫೀಸು ತಿರುಗುವ ಹಾಗೆ ಕಿರುಚಿದ: "ನಾ-ಳೆ ಬ-ರ್ರಿ!" ಹತ್ತಿರ ಬಂದು ಮೆಲ್ಲಗೆ ಹೇಳಿದರೆ ಸಾಕು ಅಂತ ಅವನಿಗೆ ಹೇಳುವುದನ್ನು ಮೂರನೆಯ ಭೇಟಿಗೆ ಕಲಿತೆ. ನಾಲ್ಕನೆಯದಕ್ಕೆ ಲಗಮವ್ವನ ಹೆಸರು ಸೇರಿತು. ನನಗೆ ಕಾರಣ ಕೇಳಿ ನೋಟಿಸ್ ಬಂತು. ಸೇವಾ ಪುಸ್ತಕದಲ್ಲಿ ಒಂದು ಸಾಲು ಕೂತಿತು. ಇವತ್ತಿಗೂ ಇದೆ. ಅದನ್ನು ನೋಡಿದಾಗ ಬೇಜಾರಾಗುತ್ತದೆ, ಆಗುವುದಿಲ್ಲ ಅಂತ ದೊಡ್ಡ ಮಾತು ಆಡಲಾರೆ. ಆದರೆ ನನ್ನ ಹೆಸರಿನ ಮುಂದೆ ಬರೆದದ್ದರಲ್ಲಿ ನಾನೇ ಹೇಳಿ ಬರೆಸಿದ ಒಂದೇ ಸಾಲು ಅದು.

ಲಗಮವ್ವ ಸಾಲಿಗೆ ಬಂದಳು. ಓದಿದಳು. ಪ್ರಶ್ನೆ ಕೇಳಿದರೆ ಎದ್ದು, ನೇರ ನನ್ನ ಮುಖ ನೋಡಿ, ಬಾಯಿ ಬಿಟ್ಟು ಉತ್ತರ ಹೇಳುತ್ತಿದ್ದಳು. ಅದರ ಹೊರತು ಒಂದು ಮಾತಿಲ್ಲ. ನಾನು ಅವಳ ನಿಬಂಧದ ಕೆಳಗೆ ಉದ್ದುದ್ದ ಬರೆದು ಹೊಗಳಿದೆ. ಅವಳು ಅದನ್ನು ಓದಿದಳೋ ಇಲ್ಲವೋ ಗೊತ್ತಾಗಲಿಲ್ಲ. ಒಂದು ನಗುವಾದರೂ ಸಿಗಲಿ ಅಂತ ಕಾದೆ. ತಪ್ಪು ಒಪ್ಪಿಕೊಂಡಮೇಲೆ ಎದುರಿನವರು ಕರಗಬೇಕು ಅನ್ನುವ ಒಂದು ದುರಾಸೆ ಇರುತ್ತದಲ್ಲ, ಅದು ನನ್ನನ್ನು ಆ ಮೂರು ತಿಂಗಳು ಬಹಳ ಕಾಡಿತು. ಆಮೇಲೆ ಕಾಯುವುದು ಬಿಟ್ಟೆ. ನನ್ನ ಕಿವಿಯ ಮೇಲೂ, ನನ್ನ ಕೆಲಸದ ಮೇಲೂ ನನಗೆ ಗೌರವ ಬರಲು ಅವಳ ನಗು ಯಾಕೆ ಬೇಕು? ಅವಳು ನನಗೆ ಏನೂ ಕೊಡಬೇಕಾಗಿರಲಿಲ್ಲ.

ಕೊನೆಯ ಪರೀಕ್ಷೆ ಮುಗಿದ ದಿನ ಮಕ್ಕಳು ಗದ್ದಲ ಎಬ್ಬಿಸಿ ಹೊರಗೆ ಓಡುತ್ತಿದ್ದರು. ಲಗಮವ್ವ ಗುಂಪಿನಿಂದ ಬೇರೆಯಾಗಿ ನನ್ನ ಎದುರಿಗೆ ಬಂದು ನಿಂತಳು. ಮೊದಲ ಸಲ ನೆಟ್ಟಗೆ ನಿಂತಿದ್ದಳು, ನನಗಿಂತ ಎತ್ತರವಿದ್ದಳು.

"ಪೇಪರ್ ಛಲೋ ಆಗೇತ್ರಿ, ಅಕ್ಕೋರ," ಅಂದಳು. ಆಮೇಲೆ ಒಂದೊಂದೇ ಶಬ್ದ ಬಿಡಿಸಿ, ವರಾಂಡದಲ್ಲಿದ್ದವರೆಲ್ಲ ತಿರುಗುವಷ್ಟು ಗಟ್ಟಿಯಾಗಿ ಅಂದಳು: "ಆದ್ರ ನಾ ನಿಮ್ಮನ್ನ ಇನ್ನೂ ಮಾಫ್ ಮಾಡಿಲ್ರಿ. ಕೇಳಿಸ್ತೇನ್ರಿ?"

"ಕೇಳಿಸ್ತು, ಲಗಮವ್ವ," ಅಂದೆ. "ಪೂರಾ ಕೇಳಿಸ್ತು."